ಮುಳುಗಿದ ಹಡಗೂ ಕೊಟ್ಟ ಹಣವೂ

ವಡಪಳನಿಯಲ್ಲಿ ನಾನಿರುವ ಬೀದಿಯ ಕೊನೆಯಲ್ಲಿದ್ದ ಹಳೆಯ ಮನೆಯೊಂದನ್ನು ಕೆಲವು ಕಾಲದ ಹಿಂದೆ ಕೆಡವಿದರು. ಹಿತ್ತಿಲ ಕಡೆಯ ಮಾಡಿನಿಂದ ಇಳಿಸಿ ಗೋಡೆಗೆ ಒರಗಿಸಿದ್ದ ಹೆಂಚುಗಳಲ್ಲಿ ಒಂದನ್ನೆತ್ತಿ ಮಗುಚಿ ನೋಡಲಾಗಿ, ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಹೆಸರೂ ಅದರೊಡನೆ ೧೮೬೫ ಎಂಬ ಅಂಕಿಯೂ ಅಚ್ಚೊತ್ತಿದ್ದುವು. ಕೂಲಿಯವನು ಅದನ್ನು ಸಂತೋಷವಾಗಿಯೇ ಕೊಟ್ಟನು. ಅವನಿಗೆ ಹೊರುವ ಭಾರದಲ್ಲಿ ಒಂದು ಕಡಮೆಯಾಯಿತು. ಈ ಲೇಖನಕ್ಕೆ ಆ ಹೆಂಚೇ ಕಾರಣ. ಏಕೆಂದರೆ ಅದೇ ಅಚ್ಚಿನ ಹೆಂಚುಗಳು ಗೋವೆಯ ಸಮೀಪದಲ್ಲಿ ಕಡಲ ತಳದಲ್ಲಿಯೂ ಬಿದ್ದಿವೆ. ಅವುಗಳನ್ನು ಹೊತ್ತಿದ್ದ ಹಡಗು ಅಲ್ಲಿ ಬಂಡೆಗೆ ಸಿಕ್ಕಿ ನಾಶವಾಯಿತು. ಆ ಹಡಗನ್ನು ಕುರಿತು ವಿದ್ವಾಂಸರು ಏನನ್ನು ಹೇಳಿದ್ದಾರೆ, ಏನನ್ನು ಹೇಳಲಾರದೆ ಹೋಗಿದ್ದಾರೆ, ಹೇಳಲಾರದೆ ಹೋದುದಕ್ಕೂ ಈ ಶಾಸ್ತ್ರಕ್ಕೆ ದೊರೆಯುವ ಧನಕ್ಕೂ ಇರುವ ಸಂಬಂಧವೇನು ಎಂಬುದು ಪ್ರಕೃತ ವಿಚಾರ.

ಹಡಗಿನ ಅವಶೇಷಗಳು ಇರುವ ಸ್ಥಳ ಗೋವೆಯ ಹೊರಗಿನ ಸೇಂಟ್ ಜಾರ್ಜ್ ಬಂಡೆಸಾಲು. ಅವನ್ನು ಪರಿಶೀಲಿಸಿದವರು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸಿಲಾ ತ್ರಿಪಾತಿ ಮತ್ತು ಅವರ ಸಹೋದ್ಯೋಗಿಗಳು. ಅವರ ಲೇಖನ ೨೦೦೩ರಲ್ಲಿ ನೌಕಾ ಪುರಾತತ್ತ್ವದ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾಡಿನ ಹೆಂಚು, ಕೊಡಿಹೆಂಚು, ನೆಲದ ಹಾಸುಹೆಂಚು, ಸುಟ್ಟ ಮಣ್ಣಿನ ಕಂಬದ ತುಂಡುಗಳು, ಎಲೆಗೊಂಚಲಿನ ಅಲಂಕಾರವುಳ್ಳ ಬೋದಿಗೆಗಳು, ಹೊಗೆಗೂಡಿನ ಇಟ್ಟಿಗೆ, ಹೀಗೆ ಒಂದು ದೊಡ್ಡ ಮನೆಯನ್ನೇ ಕಟ್ಟಬಹುದಾದಷ್ಟು ಬಗೆಯ ಸರಕು ಅಲ್ಲಿ ದೊರೆಯಿತು. ಲೇಖನ ಶ್ರದ್ಧೆಯಿಂದ ಬರೆದದ್ದು. ಆದರೆ ಅದರ ಶೀರ್ಷಿಕೆಯನ್ನೇ ವಾಚಕರು ಗಮನಿಸಬೇಕು. ಹಡಗಿನ ಅವಶೇಷಗಳ ಅನ್ವೇಷಣೆಯ ಜತೆಗೆ ಬಾಸೆಲ್ ಮಿಷನ್ ಕಂಪೆನಿಯು ಸಮಾಜದ ಮೇಲೂ ಸಂಸ್ಕೃತಿಯ ಮೇಲೂ ಉಂಟುಮಾಡಿದ ಪರಿಣಾಮವನ್ನೂ ಅದು ತನ್ನ ವಿಷಯವಾಗಿ ಘೋಷಿಸುತ್ತದೆ. ಹಡಗು ತಾನಾಗಿ ನುಡಿದದ್ದು ಸ್ವಲ್ಪ. ಆದುದರಿಂದ ಉಳಿದ ಜಾಗವನ್ನು ಮಿಷನ್ನಿನ ಚರಿತ್ರೆ ತುಂಬಿತು.

೧೮೬೫ ಎಂಬ ಅಂಕಿಯನ್ನು ನಂಬಿ ಮೋಸಹೋಗುವುದು ಸುಲಭ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಗಿಯೋರ್ಗ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಕರ್ಮಿ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಮಾಡಲು ತೊಡಗಿದ್ದು ೧೮೬೫ರಲ್ಲಿ. ಆ ಸ್ಥಾಪನೆಯ ವರ್ಷವನ್ನೇ ಕಾರ್ಖಾನೆ ಹೆಂಚುಗಳ ಮೇಲೆ ಒತ್ತುತ್ತ ಬಂದಿತು. ಆದಕಾರಣ ಅಂಕಿಯಿಂದ ತಿಳಿಯುವುದು ಇಷ್ಟೆ: ಹಡಗು ಆ ವರ್ಷಕ್ಕೆ ಹಿಂದೆ ಮುಳುಗಿರಲಾರದು. ಮಂಗಳೂರಿನ ಬಳಿಕ ಕೋಳಿಕೋಡು ಮೊದಲಾದ ಕಡೆಗಳಲ್ಲಿಯೂ ಮಿಷನ್ನಿನ ಕಾರ್ಖಾನೆಗಳು ಎದ್ದುವು. ಸರಕು ಯಾವ ಬಂದರಿನಲ್ಲಿ ಏರಿತೆಂಬುದು ಅಚ್ಚಿನ ಮಾತ್ರದಿಂದ ತೀರ್ಮಾನವಾಗದು. ಆ ಹಡಗು ಯಾರದು, ಪತ್ತೇಮಾರಿಯೋ ಬೇರೆ ಬಗೆಯದೋ, ಯಾವ ಮಳೆಗಾಲದ ಹಿಂದೆಯೋ ಮುಂದೆಯೋ ಹೊರಟದ್ದು, ಸತ್ತವರೆಷ್ಟು? ಈ ಪ್ರಶ್ನೆಗಳಿಗೆ ಉತ್ತರ ಇನ್ನಷ್ಟು ಮುಳುಗಿದರೆ ಸಿಕ್ಕೀತೆಂಬ ಭರವಸೆ ಕಡಮೆ. ದಫ್ತರಗಳನ್ನು ವರ್ಷಗಟ್ಟಲೆ ಓದಿದರೆ ಸಿಕ್ಕೀತು. ಆ ಓದಿಗೆ ಹಣ ಕೊಡುವವರು ಯಾರು?

ಈ ಪ್ರಶ್ನೆಯನ್ನು ಎತ್ತುವ ಮುನ್ನ, ನಮ್ಮ ದೇಶದಲ್ಲಿ ಸಾಗರ ಪುರಾತತ್ತ್ವಕ್ಕೆ ಹಣ ಯಾವ ದಾರಿಯಾಗಿ ಬಂದಿತೆಂಬುದನ್ನು ನೋಡಬೇಕು. ಆ ಕಥೆ ಒಬ್ಬ ಕನ್ನಡಿಗರ ಕಥೆಯೂ ಹೌದು. ಶಿಕಾರಿಪುರ ರಂಗನಾಥ ರಾಯರು (೧೯೨೨–೨೦೧೩) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಲ್ಲಿದ್ದಾಗ ೧೯೫೫ರಿಂದ ಮುಂದಕ್ಕೆ ಲೋಥಲ್ಲಿನಲ್ಲಿ ಉತ್ಖನನ ನಡೆಸಿ, ಸುಮಾರು ೨೨೦ ಮೀಟರು ಉದ್ದದ ಇಟ್ಟಿಗೆಯ ಕೊಳವೊಂದನ್ನು ಹೊರಗೆಡಹಿ, ಅದು ಹರಪ್ಪಾ ಕಾಲದ ಹಡಗುಕಟ್ಟೆಯೆಂದು ವಾದಿಸಿದರು. ೧೯೬೮ರಲ್ಲಿ ಲೆಷ್ನಿಕ್ ಎಂಬ ವಿದ್ವಾಂಸ ಅದು ನೀರಾವರಿಯ ಕೆರೆಯಿರಬಹುದೆಂದು ಆಕ್ಷೇಪಿಸಿದನು. ಆ ಚರ್ಚೆ ಬಹುಕಾಲ ನಡೆಯಿತು. ರಾಯರ ಮನಸ್ಸು ಮಾತ್ರ ಅಂದಿನಿಂದ ನೀರಿನ ಕಡೆಗೇ ಸಾಗಿತು. ನಿವೃತ್ತಿಯ ಅನಂತರ, ೧೯೮೧ರಿಂದ, ಗೋವೆಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಈ ಶಾಸ್ತ್ರದ ಬುಡ ಹಾಕಿದವರು ಅವರು. ಅರುವತ್ತರ ಅಂಚಿನಲ್ಲಿದ್ದ ಒಬ್ಬ ವಿದ್ವಾಂಸರು ಇನ್ನೂ ಹುಟ್ಟದ ಶಾಸ್ತ್ರವೊಂದಕ್ಕೆ ಸರಕಾರದಿಂದ ಧನವನ್ನು ಕೇಳಿ ಪಡೆದರೆಂಬುದೇ ದೊಡ್ಡ ಮಾತು. ಪುರಾತತ್ತ್ವಜ್ಞರೇ ಮುಳುಗಲು ಕಲಿಯಬೇಕೆಂಬ ಪದ್ಧತಿ ಆ ಸಂಸ್ಥೆಯಲ್ಲಿ ಬೆಳೆಯಿತು. ಇದಕ್ಕಾಗಿ ನಾವು ಅವರಿಗೆ ಋಣಿಗಳು.

ಆದರೆ ಧನ ದೊರೆತದ್ದು ಯಾವ ಹೆಸರಿಗೆ? ದ್ವಾರಕೆಯ ಹೆಸರಿಗೆ. ೧೯೮೩ರಿಂದ ಮೊದಲಾಗಿ ಹಲವು ಋತುಗಳಲ್ಲಿ ಅಲ್ಲಿ ನಡೆದ ಶೋಧನೆಯಲ್ಲಿ ಕಲ್ಲಿನ ಕಟ್ಟಡದ ಭಾಗಗಳೂ ಅಸಂಖ್ಯಾತ ಕಲ್ಲಿನ ಲಂಗರುಗಳೂ ಕಂಡುಬಂದುವು. ರಾಯರು ಇದನ್ನು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಮಧ್ಯಭಾಗದ ಪಟ್ಟಣವೆಂದರು. ೧೯೯೯ರ ತಮ್ಮ ಗ್ರಂಥಕ್ಕೆ 'ಕಳೆದುಹೋದ ನಗರಿ ದ್ವಾರಕೆ' ಎಂಬ ಅರ್ಥದ ಹೆಸರನ್ನಿಟ್ಟರು. ಅವರ ಕಿರಿಯ ಸಹೋದ್ಯೋಗಿಗಳಾಗಿದ್ದ ಗೌರ್, ಸುಂದರೇಶ್ ಮೊದಲಾದವರು ಮುಂದೆ ಅದೇ ನೀರಿನಲ್ಲಿ ಇಳಿದು, ಲಂಗರುಗಳಲ್ಲಿ ಹೆಚ್ಚಿನವು ಐತಿಹಾಸಿಕ ಮತ್ತು ಮಧ್ಯಯುಗದ ಕಾಲದವೆಂದೂ, ಕಾಣುವುದು ಒಂದು ಚಟುವಟಿಕೆಯ ಬಂದರಿನ ಗುರುತೆಂದೂ ನಿರ್ಣಯಿಸಿದರು. ನನಗೆ ಈ ಎರಡನೆಯ ಪಕ್ಷವೇ ಹೆಚ್ಚು ಸಾಧುವೆಂದು ತೋರುತ್ತದೆ. ಹಾಗೆಂದು ರಾಯರ ಶ್ರಮ ವ್ಯರ್ಥವಾಯಿತೆನ್ನಲಾಗದು; ಪುರಾಣದ ನಗರಿಯನ್ನು ಅರಸಲು ಹೋದವರಿಗೆ ನೂರಾರು ನಾವಿಕರ ಬಂದರೊಂದು ಸಿಕ್ಕಿತು. ಸಿಕ್ಕಿದ್ದಕ್ಕೆ ಅದರ ಸ್ವಂತ ಹೆಸರನ್ನು ಕೊಡಲು ಮಾತ್ರ ಇಪ್ಪತ್ತು ವರ್ಷ ಹಿಡಿಯಿತು. ಹಣದ ಅರ್ಜಿಯಲ್ಲಿ ಬರೆದ ಮಾತು ವರದಿಯ ಕೊನೆಯ ಪುಟದವರೆಗೆ ಸಂಶೋಧಕನ ಕೈ ಹಿಡಿದು ನಡೆಸುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಮುಂದೆಯೂ ಹೀಗೆಯೇ ಆಯಿತು. ಪುರಾತತ್ತ್ವ ಸರ್ವೇಕ್ಷಣೆಯು ೨೦೦೧ರಲ್ಲಿ ತನ್ನದೇ ನೀರೊಳಗಿನ ಶಾಖೆಯನ್ನು ತೆರೆದು, ಲಕ್ಷದ್ವೀಪದ ಬಂಗಾರಂ ನಡುಗಡ್ಡೆಯ ಬಳಿ ಮುಳುಗಿದ್ದ 'ಪ್ರಿನ್ಸೆಸ್ ರಾಯಲ್' ಎಂಬ ಹದಿನೆಂಟನೆಯ ಶತಮಾನದ ಹಡಗನ್ನು ಪರಿಶೋಧಿಸಿತು. ಸೊಗಸಾದ ಆರಂಭ. ಬಳಿಕ ಆ ಶಾಖೆ ಬಹುಕಾಲ ನಿಸ್ತೇಜವಾಗಿ ಉಳಿಯಿತು. ೨೦೨೫ರ ಫೆಬ್ರವರಿಯಲ್ಲಿ ಅದಕ್ಕೆ ಮತ್ತೆ ಜೀವ ಬಂದಾಗ ಮೊದಲು ಇಳಿದ ಕಡಲು ದ್ವಾರಕೆಯದೇ.

ಗುಜರಾತಿನ ಮಾತು ದೂರದ್ದೆಂದು ಮದರಾಸಿನ ನಾವು ಹೇಳುವಂತಿಲ್ಲ. ಖಂಭಾತದ ಕೊಲ್ಲಿಯ ಪ್ರಕರಣ ಹೊರಟದ್ದು ನಮ್ಮ ಪಳ್ಳಿಕರಣೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಿಂದ. ಕೊಲ್ಲಿಯ ನೀರಿನ ಮಾಲಿನ್ಯವನ್ನು ಅಳೆಯಲು ಹೋದವರ ಶಬ್ದತರಂಗ ಯಂತ್ರದಲ್ಲಿ ಚೌಕಾಕಾರದ ನೆರಳುಗಳು ಮೂಡಿದುವು. ೨೦೦೧ರಲ್ಲಿ ಕೇಂದ್ರ ಮಂತ್ರಿಗಳೇ ಅದನ್ನು ಪ್ರಾಚೀನ ನಗರವೆಂದು ಸಾರಿದರು. ತಳವನ್ನು ಬಾಚಿ ಎತ್ತಿದ ವಸ್ತುಗಳಲ್ಲಿ ಒಂದು ಮರದ ತುಂಡು ಸುಮಾರು ಒಂಬತ್ತು ಸಾವಿರ ವರ್ಷಕ್ಕೆ ಹಿಂದಿನದೆಂದು ಗಣಿತವಾಯಿತು. ಕೂಡಲೆ ನಗರವೂ ಅಷ್ಟೇ ಪುರಾತನವಾಯಿತು! ಬಾಚಿ ಎತ್ತಿದ ವಸ್ತುವಿಗೆ ಸ್ತರವಿಲ್ಲ, ನೆರೆಹೊರೆಯಿಲ್ಲ. ಪ್ರವಾಹದ ಸೆಳೆತ ಅತ್ಯುಗ್ರವಾದ ಆ ಕೊಲ್ಲಿಯಲ್ಲಿ ಮರದ ತುಂಡು ಎಲ್ಲಿಂದ ಬಂದು ಸೇರಿತೆಂದು ಹೇಳುವವರಿಲ್ಲ. ತಜ್ಞರಲ್ಲಿ ಹಲವರು ಅಂದೇ ಇದನ್ನು ಒಪ್ಪಲಿಲ್ಲ. ವಡಪಳನಿಯ ಸ್ಟುಡಿಯೋಗಳಲ್ಲಿ, ಕನ್ನಡ ಚಿತ್ರಗಳೆಲ್ಲ ಬಹುಪಾಲು ಇಲ್ಲಿಯೇ ತಯಾರಾಗುತ್ತಿದ್ದ ಆ ದಿನಗಳಲ್ಲಿ, ಹಲಗೆ ಬಟ್ಟೆಗಳಿಂದ ರಾಜಧಾನಿಗಳನ್ನು ಎಬ್ಬಿಸಿ ವಾರದೊಳಗೆ ಕೆಡಹುವುದನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ನಗರವನ್ನು ತೋರಿಸುವುದಕ್ಕೂ ಕಂಡುಹಿಡಿಯುವುದಕ್ಕೂ ಇರುವ ಅಂತರವನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ತಮಿಳುನಾಡಿನ ತೀರದಲ್ಲಿ ಇದೇ ದ್ವಂದ್ವ ಇನ್ನೂ ಸ್ಪಷ್ಟ. ಕಾವೇರಿಪೂಂಪಟ್ಟಿನದ ಹೊರಗಡಲಿನಲ್ಲಿ ಸಾಗರವಿಜ್ಞಾನ ಸಂಸ್ಥೆಯೂ ರಾಜ್ಯದ ಪುರಾತತ್ತ್ವ ಇಲಾಖೆಯೂ ಕೂಡಿ ನಡೆಸಿದ ಶೋಧನೆಯಲ್ಲಿ ಎರಡು ಸಂಗತಿಗಳು ಕಂಡುವು. ಒಂದು, ಸುಮಾರು ೨೩ ಮೀಟರು ಆಳದಲ್ಲಿರುವ ಲಾಳದ ಆಕಾರದ ದಿಬ್ಬ. ಇನ್ನೊಂದು, ಅದಕ್ಕಿಂತ ಸ್ವಲ್ಪ ಕಡಮೆ ಆಳದಲ್ಲಿ ಒಂದು ಹಡಗಿನ ಅವಶೇಷ, ಅದರೊಡನೆ ಸೀಸದ ಗಟ್ಟಿಗಳು. ಗಟ್ಟಿಗಳ ಮೇಲೆ ಬ್ಲಾಕೆಟ್ ಎಂಬ ಹೆಸರೂ ೧೭೯೧, ೧೭೯೨ ಎಂಬ ವರ್ಷಗಳೂ ಇವೆ. ಬ್ಲಾಕೆಟ್ಟರು ಇಂಗ್ಲೆಂಡಿನ ಉತ್ತರ ಭಾಗದ ಸೀಸದ ಗಣಿಗಳ ಒಡೆಯರು. ಲಾಳದ ದಿಬ್ಬವನ್ನು ಕುರಿತು ವಿದೇಶದ ಲೇಖಕರು ಪ್ರಳಯಕ್ಕೆ ಹಿಂದಿನ ನಾಗರಿಕತೆಯ ಕಥೆ ಹೆಣೆದರು, ದೂರದರ್ಶನದ ಚಿತ್ರಗಳು ಬಂದುವು. ಸೀಸದ ಗಟ್ಟಿಗಳನ್ನು ಕೇಳಿದವರು ಯಾರು? ಹೆಸರಿದೆ, ವರ್ಷವಿದೆ, ಗಣಿಯ ಲೆಕ್ಕಪತ್ರಗಳನ್ನು ಹುಡುಕಬಹುದು. ಡೇನರ ತರಂಗಂಬಾಡಿ ಕೂಗಳತೆಯಲ್ಲಿದೆ, ಅವರ ದಾಖಲೆಗಳು ಕೋಪನ್‌ಹೇಗನ್ನಿನಲ್ಲಿ ಭದ್ರವಾಗಿವೆ. ಕೊನೆಯವರೆಗೂ ಬೆನ್ನುಹತ್ತಿ ಹೋಗಬಹುದಾದ ಸಾಕ್ಷ್ಯ ಅದು. ೨೦೨೫ರಲ್ಲಿ ತಮಿಳುನಾಡು ಸರಕಾರ ತನ್ನ ಆಯವ್ಯಯದಲ್ಲಿ ಕಾವೇರಿಪೂಂಪಟ್ಟಿನದಿಂದ ನಾಗಪಟ್ಟಿಣದವರೆಗಿನ ಕಡಲಶೋಧನೆಗೆ ಎಡೆಮಾಡಿದ್ದು ಮೆಚ್ಚತಕ್ಕ ಕಾರ್ಯ. ಒಂದು ರಾಜ್ಯ ತನ್ನ ಬೊಕ್ಕಸದಿಂದ ಇದಕ್ಕೆ ಹಣ ಕೊಡಲೊಪ್ಪಿತೆಂಬುದನ್ನು ಕನ್ನಡಿಗರು ಗಮನಿಸಬೇಕು. ಸಂಗಂ ಕಾಲದ ಪಟ್ಟಣದ ಹಂಬಲದಲ್ಲಿ ಆ ಸೀಸ ಮರೆತುಹೋಗದಿರಲಿ.

ಧನದ ವಿಚಾರದಲ್ಲಿ ನಮ್ಮವರು ಮಾಡುವ ಇನ್ನೊಂದು ತಪ್ಪು, ಖರ್ಚೆಲ್ಲ ಮುಳುಗುವುದರಲ್ಲಿದೆಯೆಂದು ತಿಳಿಯುವುದು. ದೋಣಿಯ ಬಾಡಿಗೆ, ಉಸಿರಿನ ಸಿಲಿಂಡರು, ಮುಳುಗುಗಾರರ ದಿನಭತ್ಯೆ ಇವು ಕಣ್ಣಿಗೆ ಕಾಣುವ ವೆಚ್ಚ. ಮೇಲಕ್ಕೆ ತಂದ ಮರದ ಗತಿಯೇನು? ನೂರಾರು ವರ್ಷ ಉಪ್ಪುನೀರಿನಲ್ಲಿ ನೆನೆದ ಮರ ಹೊರಗೆ ಬಂದು ಒಣಗತೊಡಗಿದರೆ ಸುಕ್ಕಿ ಸೀಳುತ್ತದೆ. ಕಬ್ಬಿಣ ಉಪ್ಪಿನಿಂದ ಬಿರಿದು ಪುಡಿಯಾಗುತ್ತದೆ. ಮಡಕೆಯ ಹೊಳಪು ಸಿಪ್ಪೆಯೆದ್ದು ಉದುರುತ್ತದೆ. ೧೬೨೮ರಲ್ಲಿ ಮುಳುಗಿದ 'ವಾಸಾ' ಎಂಬ ಯುದ್ಧನೌಕೆಯನ್ನು ಸ್ವೀಡನ್ನಿನವರು ೧೯೬೧ರಲ್ಲಿ ಎತ್ತಿ, ಅನಂತರ ಹದಿನೇಳು ವರ್ಷ ಮೇಣದಂಥ ದ್ರಾವಣವನ್ನು ಅದರ ಮೇಲೆ ಸಿಂಪಡಿಸುತ್ತಲೇ ಇದ್ದರು. ಅದಕ್ಕೆ ಸ್ಥಿರವಾದ ಮನೆ ದೊರೆತದ್ದು ೧೯೯೦ರಲ್ಲಿ. ಇಂಗ್ಲೆಂಡಿನ 'ಮೇರಿ ರೋಸ್' ೧೯೮೨ರಲ್ಲಿ ಮೇಲೆ ಬಂದಿತು. ಸಿಂಪಡಿಕೆ ನಿಂತದ್ದು ೨೦೧೩ರಲ್ಲಿ. ಎತ್ತಿದ್ದು ಒಂದು ದಿನ, ಕಾಪಾಡಿದ್ದು ಒಂದು ತಲೆಮಾರು. ಯುನೆಸ್ಕೋ ೨೦೦೧ರಲ್ಲಿ ಅಂಗೀಕರಿಸಿ ೨೦೦೯ರ ಜನವರಿಯಿಂದ ಜಾರಿಗೆ ಬಂದ ನೀರೊಳಗಿನ ಪರಂಪರೆಯ ಒಡಂಬಡಿಕೆಯಲ್ಲಿ ಇದಕ್ಕಾಗಿಯೇ ಕೆಲವು ನಿಯಮಗಳಿವೆ. ಅನುಬಂಧದ ೧೭ನೆಯ ನಿಯಮದ ತಾತ್ಪರ್ಯ ಹೀಗೆ: ತುರ್ತಿನ ಸಂದರ್ಭವನ್ನುಳಿದು, ಸಂರಕ್ಷಣೆ, ದಾಖಲೆ, ವರದಿಯ ಬರವಣಿಗೆ, ಪ್ರಕಟಣೆ ಇವೆಲ್ಲಕ್ಕೂ ಸಾಕಾಗುವ ಹಣ ಮೊದಲೇ ನಿಶ್ಚಯವಾಗಿರದೆ ಕೆಲಸಕ್ಕೆ ಕೈಯಿಡಬಾರದು. ಹಣ ನಡುವೆ ನಿಂತುಹೋದರೆ ವಸ್ತುಗಳನ್ನು ಹೇಗೆ ಕಾಪಾಡುವುದೆಂಬುದನ್ನೂ ಮುಂಚಿತವಾಗಿ ಯೋಚಿಸಿರಬೇಕೆಂದು ೧೯ನೆಯ ನಿಯಮ. ಗೃಹಸ್ಥನಾದವನು ಮದುವೆಯ ಖರ್ಚಿನ ಜತೆಗೆ ಬಾಳಿನ ಖರ್ಚನ್ನೂ ಎಣಿಸುವಂತೆ ಇದು. ನಮ್ಮ ಯೋಜನೆಗಳಲ್ಲಿ ಮದುವೆಯ ಪಟ್ಟಿಯೇ ಉದ್ದವಾಗಿರುತ್ತದೆ.

ಸರಕಾರ ಕೊಡದಿದ್ದರೆ ಖಾಸಗಿಯವರು ಕೊಡಲಿ, ಸಿಕ್ಕಿದ್ದರಲ್ಲಿ ಪಾಲು ಪಡೆಯಲಿ ಎಂದು ವಾದಿಸುವವರುಂಟು. ಅದರ ಫಲವನ್ನು ಲೋಕ ಕಂಡಿದೆ. ೧೭೫೨ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ಡಚ್ಚರ 'ಗೆಲ್ಡರ್‌ಮಾಲ್ಸೆನ್' ಹಡಗಿನಿಂದ ೧೯೮೫ರಲ್ಲಿ ಮೈಕಲ್ ಹ್ಯಾಚರ್ ಎತ್ತಿದ ಒಂದೂವರೆ ಲಕ್ಷದಷ್ಟು ಪಿಂಗಾಣಿ ಮರುವರ್ಷ ಆಮ್‌ಸ್ಟರ್‌ಡಾಮಿನಲ್ಲಿ ಹರಾಜಾಗಿ ಜಗತ್ತಿನ ಮನೆಮನೆಗೆ ಚದುರಿತು. ಹಡಗಿನ ಒಡಲಿನ ವಿಚಾರ ಶಾಸ್ತ್ರಕ್ಕೆ ದಕ್ಕಲಿಲ್ಲ. ಇಂಡೊನೇಷ್ಯದ ಬೆಲಿತುಂಗ್ ದ್ವೀಪದ ಬಳಿ ೧೯೯೮ರಲ್ಲಿ ಕಂಡ ಒಂಬತ್ತನೆಯ ಶತಮಾನದ ಹಡಗಿನ ಕಥೆ ಇಷ್ಟು ಸರಳವಲ್ಲ. ಅದನ್ನೂ ಎತ್ತಿದವರು ವ್ಯಾಪಾರಿಗಳೇ. ಆದರೆ ಸರಕು ಬಹುಮಟ್ಟಿಗೆ ಒಟ್ಟಾಗಿ ಉಳಿಯಿತು. ಸಿಂಗಪುರದವರು ೨೦೦೫ರಲ್ಲಿ ಸುಮಾರು ೩೨ ದಶಲಕ್ಷ ಡಾಲರಿಗೆ ಕೊಂಡರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಅದರ ಪ್ರದರ್ಶನವನ್ನು ಏರ್ಪಡಿಸಲು ಹೊರಟು, ವಿದ್ವಾಂಸರ ಆಕ್ಷೇಪಕ್ಕೆ ಮಣಿದು ೨೦೧೧ರಲ್ಲಿ ಕೈಬಿಟ್ಟಿತು. ಆಕ್ಷೇಪ ನ್ಯಾಯವಾದುದೇ. ಆದರೂ ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ ಆ ಹಡಗಿನ ಅಳತೆಗಳು ದೊರೆತದ್ದರಿಂದಲೇ ಓಮಾನಿನವರು 'ಮಸ್ಕತ್ತಿನ ರತ್ನ' ಎಂಬ ಅರ್ಥದ ಹೆಸರಿನ ನೌಕೆಯನ್ನು ಅದರಂತೆ ಕಟ್ಟಿ ೨೦೧೦ರಲ್ಲಿ ಸಿಂಗಪುರಕ್ಕೆ ನಡೆಸಿದರೆಂಬುದನ್ನು ಮರೆಯುವಂತಿಲ್ಲ. ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ವ್ಯಾಪಾರದ ಹಣ ಕೂಡದೆಂದು ಹೇಳುತ್ತಲೇ, ಸರಕಾರಗಳು ಕೈಕಟ್ಟಿ ಕುಳಿತಾಗ ಬೆಸ್ತರೂ ಕಳ್ಳರೂ ಏನನ್ನು ಉಳಿಸುತ್ತಿದ್ದರೆಂದು ಕೇಳಿಕೊಳ್ಳಬೇಕಾಗುತ್ತದೆ.

ನಮ್ಮಲ್ಲಿಯೂ ಹೊಲಿದ ಹಡಗೊಂದು ನಿರ್ಮಾಣವಾಯಿತು. ಕೇಂದ್ರ ಸಂಸ್ಕೃತಿ ಮಂತ್ರಾಲಯದ ಹಣದಿಂದ, ನೌಕಾಪಡೆಯ ಮೇಲ್ವಿಚಾರಣೆಯಲ್ಲಿ, ಕೇರಳದ ಕುಶಲಿಗಳ ಕೈಯಿಂದ ಗೋವೆಯಲ್ಲಿ ಸಿದ್ಧವಾದ 'ಕೌಂಡಿನ್ಯ' ೨೦೨೫ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿಯೇ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡವನ್ನು ಬರೆದಿದ್ದಾರೆ. ಕನ್ನಡಿಗನ ಕಣ್ಣು ಅಲ್ಲಿ ನಿಲ್ಲದಿರದು. ಆದರೆ ಅದಕ್ಕೆ ಮಾದರಿ ಯಾವುದು? ಅಜಂತೆಯ ಗುಹೆಯ ಒಂದು ಚಿತ್ರ. ಐದನೆಯ ಶತಮಾನದ ಚಿತ್ರಕಾರ ಕಂಡಂತೆ, ಅಥವಾ ಕೇಳಿದಂತೆ, ಬಿಡಿಸಿದ ಹಡಗಿನಿಂದ ಒಡಲಿನ ವಕ್ರವನ್ನೂ ಹೊಲಿಗೆಯ ರಂಧ್ರದ ಅಂತರವನ್ನೂ ಊಹಿಸಿ ಕಟ್ಟಬೇಕಾಯಿತು. ಓಮಾನಿನವರ ಮುಂದೆ ಮುಳುಗಿದ ಹಡಗಿತ್ತು, ನಮ್ಮವರ ಮುಂದೆ ಗೋಡೆಯಿತ್ತು. ಲೋಥಲ್ಲಿನಲ್ಲಿ, ರಾಯರು ಅಗೆದ ಆ ಕೊಳದ ಮಗ್ಗುಲಲ್ಲಿ, ಸುಮಾರು ೪,೫೦೦ ಕೋಟಿ ರೂಪಾಯಿಯದೆಂದು ವರದಿಯಾದ ನೌಕಾಪರಂಪರೆಯ ಮಹಾಸಂಕೀರ್ಣಕ್ಕೆ ೨೦೨೪ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆದಕಾರಣ ಹಣವಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಗೃಹಪ್ರವೇಶಕ್ಕೆ ಹಣವಿದೆ, ಮನೆಯಲ್ಲಿ ಇಡಬೇಕಾದ ವಸ್ತುವನ್ನು ಹುಡುಕಲು, ಹುಡುಕಿದ್ದನ್ನು ಓದಲು, ಓದಿದ್ದನ್ನು ಅಚ್ಚು ಹಾಕಿಸಲು ಅದೇ ಪ್ರಮಾಣದ ಉತ್ಸಾಹ ಕಾಣೆ.

ಇನ್ನು ನಮ್ಮ ತೀರದ ಮಾತು. ಮುಳುಗಿದ ಸರಕನ್ನು ಎತ್ತಲು ಹಣ ಹೂಡುವುದು ಈಚಿನ ಕಲ್ಪನೆಯೆಂದು ಬಗೆಯಬೇಡಿ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿ ವ್ಯಾಪಾರ ಮಾಡುತ್ತಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನಿಗೆ ಏಡನ್ನಿನಿಂದ ಬಂದ ಪತ್ರಗಳು ಕೈರೋ ನಗರದ ಪ್ರಾರ್ಥನಾಮಂದಿರದ ಕಾಗದದ ಕೊಠಡಿಯಲ್ಲಿ ಉಳಿದುಬಂದುವು. ಗಾಯ್ಟೈನ್ ಎಂಬ ಪಂಡಿತರು ಅವನ್ನು ಓದಿ ಬೆಳಕಿಗೆ ತಂದರು. ಅವುಗಳಲ್ಲೊಂದು ಹಡಗೊಡೆದ ಸುದ್ದಿಯನ್ನು ತಿಳಿಸುತ್ತದೆ. ಇಲ್ಲಿಂದ ಹೋದ ಕರಿಮೆಣಸೂ ಕಬ್ಬಿಣವೂ ಕೆಂಪುಸಮುದ್ರದ ಬಾಯಿಯ ಬಳಿ ನೀರುಪಾಲಾದುವು. ಮೆಣಸು ಪೂರ್ತಿ ಹೋಯಿತು. ಏಡನ್ನಿನಿಂದ ಪಳಗಿದ ಮುಳುಗುಗಾರರನ್ನು ಕರೆಸಲಾಯಿತು. ಅವರು ಕಬ್ಬಿಣದಲ್ಲಿ ಸುಮಾರು ಅರ್ಧವನ್ನು ಮೇಲಕ್ಕೆ ತಂದರು. ಮಂಗಳೂರಿನ ಲೆಕ್ಕದ ಪುಸ್ತಕಕ್ಕೆ ಸಂಬಂಧಿಸಿದ ಮುಳುಗುಗಾರಿಕೆ ಒಂಬೈನೂರು ವರ್ಷದ ಹಿಂದೆಯೇ ನಡೆದಿತ್ತು! ಇದಕ್ಕೆ ಎರಡು ಶತಮಾನದ ಬಳಿಕ, ಕೋಳಿಕೋಡಿನ ಹೊರಗೆ ತನ್ನ ಹಡಗುಗಳು ಒಡೆದು ಚೀನಾದ ದೊರೆಗೆ ಒಯ್ಯಬೇಕಾಗಿದ್ದ ಕಾಣಿಕೆಯೆಲ್ಲ ಹಾಳಾದ ಮೇಲೆ ಇಬ್ನ್ ಬತೂತ ಬಂದು ಸೇರಿದ್ದು ಹೊನ್ನಾವರದ ಸುಲ್ತಾನನ ಆಶ್ರಯವನ್ನು. ಗೋವೆಯ ಕದಂಬರ ಒಂದನೆಯ ಜಯಕೇಶಿಯ ಕಾಲದ ತಾಮ್ರಶಾಸನವು, ಸೋಮನಾಥದ ಯಾತ್ರೆಗೆ ಹೊರಟ ಹಿಂದಿನ ಅರಸನ ಹಡಗಿನ ಕೂವೆ ನಡುಗಡಲಲ್ಲಿ ಮುರಿಯಿತೆಂದೂ, ಆಗ ಒಬ್ಬ ಅರಬ ಮೂಲದ ವರ್ತಕ ನೆರವಾದನೆಂದೂ, ಅವನ ಮೊಮ್ಮಗನು ಮುಂದೆ ರಾಜ್ಯದಲ್ಲಿ ಅಧಿಕಾರ ಪಡೆದನೆಂದೂ ತಿಳಿಸುತ್ತದೆ. ಆ ಮೊಮ್ಮಗನು ಕಟ್ಟಿಸಿದ ಮಸೀದಿಯ ವೆಚ್ಚಕ್ಕೆ ಬಂದರಿಗೆ ಬರುವ ಹಡಗುಗಳ ಸುಂಕವನ್ನು ಬಿಟ್ಟುಕೊಟ್ಟರು. ಕಡಲಿನಿಂದ ಬಂದುದನ್ನು ಕಡಲಿನವರ ಧರ್ಮಕಾರ್ಯಕ್ಕೆ ಕೊಟ್ಟರೆಂದಾಯಿತು. ಇಂದಿನ ಬಂದರುಗಳ ಆದಾಯದಿಂದ ಈ ಶಾಸ್ತ್ರಕ್ಕೆ ಒಂದು ಅಲ್ಪಭಾಗವನ್ನು ತೆಗೆದಿಡಬಾರದೇ ಎಂದು ಕೇಳುವವನಿಗೆ ಪೂರ್ವನಿದರ್ಶನ ಬೇಕಾದರೆ ಇದೆ.

ಇಷ್ಟಾದರೂ ಸಾಗರ ಪುರಾತತ್ತ್ವದ ವರದಿಗಳಲ್ಲಿ ಗುಜರಾತು, ಗೋವೆ, ತಮಿಳುನಾಡು, ಲಕ್ಷದ್ವೀಪಗಳ ಹೆಸರು ಕಾಣುವಷ್ಟು ಸಲ ಕರ್ನಾಟಕದ ಹೆಸರು ಕಾಣದು. ಮುನ್ನೂರು ಕಿಲೋಮೀಟರಿಗೆ ಮಿಕ್ಕ ತೀರ, ಬಾರಕೂರು, ಬಸರೂರು, ಭಟ್ಕಳ, ಹೊನ್ನಾವರ, ಮಿರ್ಜಾನು! ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಪ್ರವಾಸಿಗಳು ಮೀನು ನೋಡಲೆಂದು ಹಣ ತೆತ್ತು ಮುಳುಗುತ್ತಾರೆ. ಅವರನ್ನು ಕರೆದೊಯ್ಯುವ ಯುವಕರಿಗೆ ಒಂದು ವಾರ ಪಾಠ ಹೇಳಿ, ಕಂಡ ಲಂಗರನ್ನೋ ಫಿರಂಗಿಯನ್ನೋ ಎತ್ತದೆ ಅಳೆದು ಗುರುತು ಹಾಕುವುದನ್ನು ಕಲಿಸುವ ವೆಚ್ಚ ಒಂದು ಸಾಹಿತ್ಯ ಸಮ್ಮೇಳನದ ಮೊದಲ ದಿನದ ಊಟಕ್ಕಿಂತ ಹೆಚ್ಚಾಗಲಾರದು.

ನಮ್ಮ ಊಟದ ಮಾತು ಬಂದದ್ದರಿಂದ ನಮ್ಮ ದತ್ತಿಗಳ ಮಾತನ್ನೂ ಆಡಿಬಿಡುತ್ತೇನೆ. ಹೊರನಾಡಿನ ಕನ್ನಡ ಸಂಘಗಳಲ್ಲಿ ದತ್ತಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಇಂಥದೊಂದು ಉಪನ್ಯಾಸಕ್ಕೆ ನಾನೇ ಹೋಗಿದ್ದೆ. ಸಂಘದ ಹೆಸರು ಬೇಡ. ನಿಧಿಯ ವರ್ಷದ ಬಡ್ಡಿ ಶಾಲು, ಹಾರ, ಹಣ್ಣಿನ ಬುಟ್ಟಿ, ಆಮಂತ್ರಣ ಪತ್ರಿಕೆಗಳಲ್ಲಿ ಮುಗಿದಿತ್ತು. ನಾನು ಓದಿದ ಪ್ರಬಂಧವನ್ನು ಅಚ್ಚು ಹಾಕಿಸಲು ಹಣವಿಲ್ಲವೆಂದರು. ಪ್ರಬಂಧ ಅಚ್ಚಾಗದ್ದರಿಂದ ಲೋಕಕ್ಕೆ ನಷ್ಟವೇನೂ ಆಗಲಿಲ್ಲ, ನಿಜ. ಆದರೆ ಕಡಲಿನ ಶಾಸ್ತ್ರದಲ್ಲಿ ನಾನು ತೋರಿಸಿದ ದೋಷವೂ ಈ ಶಾಲಿನ ದೋಷವೂ ಒಂದೇ ಮಣ್ಣಿನವು.

ಸೇಂಟ್ ಜಾರ್ಜ್ ಬಂಡೆಯ ಹಡಗಿಗೆ ಹಿಂದಿರುಗೋಣ. ಅದರ ಗುಟ್ಟು ಮೂರು ಕಡೆಗಳಲ್ಲಿ ಹಂಚಿಹೋಗಿದೆ. ಕಾರ್ಖಾನೆಯ ಕಾಗದಪತ್ರಗಳು ಸ್ವಿಟ್ಸರ್‌ಲೆಂಡಿನ ಬಾಸೆಲ್ ನಗರದಲ್ಲಿ ಮಿಷನ್ನಿನ ದಫ್ತರದಲ್ಲಿವೆ, ಬಹುಪಾಲು ಜರ್ಮನ್ ಭಾಷೆಯಲ್ಲಿ. ಸರಕು ಇಳಿಯಬೇಕಾಗಿದ್ದ ಊರು ಗೋವೆಯಾಗಿದ್ದರೆ ಅಲ್ಲಿನ ಪೋರ್ಚುಗೀಸ್ ದಾಖಲೆಗಳನ್ನು ನೋಡಬೇಕು. ಮೂರನೆಯದು ನಮ್ಮ ಕಾಲಬುಡದಲ್ಲೇ ಇದೆ. ೧೭೯೯ರಿಂದ ೧೯೫೬ರವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತದಲ್ಲಿತ್ತು. ಮಂಗಳೂರು ಬಂದರಿನ ವರದಿಗಳು, ಕಡಲ ವ್ಯಾಪಾರದ ವಾರ್ಷಿಕ ಲೆಕ್ಕಗಳು, ಕಲೆಕ್ಟರರ ಪತ್ರವ್ಯವಹಾರ ಇವೆಲ್ಲ ಹರಿದುಬಂದದ್ದು ಈ ನಗರಕ್ಕೆ. ಎಗ್ಮೋರಿನ ಕೆಂಪು ಕಟ್ಟಡದ ತಮಿಳುನಾಡು ದಫ್ತರಖಾನೆಯಲ್ಲಿ ಕುಳಿತು, ೧೮೬೫ರಿಂದ ಮೊದಲನೆಯ ಮಹಾಯುದ್ಧದಲ್ಲಿ ಮಿಷನ್ನಿನವರು ಕಾರ್ಖಾನೆಗಳನ್ನು ಕಳೆದುಕೊಂಡ ವರ್ಷಗಳವರೆಗೆ, ಹೆಂಚು ಹೊತ್ತು ಹೊರಟು ಮುಟ್ಟದೆಹೋದ ಹಡಗುಗಳನ್ನು ಒಬ್ಬ ತರುಣ ಸಂಶೋಧಕ ಪಟ್ಟಿಮಾಡಲಿ. ಅವನಿಗೆ ಕನ್ನಡವೂ ಇಂಗ್ಲಿಷೂ ಸಾಕಷ್ಟು ಬರಬೇಕು, ಹಳೆಯ ಕೈಬರಹ ಓದಲು ತಾಳ್ಮೆ ಬೇಕು, ಈಜು ಬರಬೇಕಾಗಿಲ್ಲ. ಎರಡು ವರ್ಷ ಅವನ ಊಟ ವಸತಿಗೆ ಸಾಕಾಗುವಷ್ಟು ಹಣವೂ, ಅವನು ಸಿದ್ಧಪಡಿಸಿದ ಪಟ್ಟಿಯನ್ನು ಅಚ್ಚು ಹಾಕಿಸುವ ಹಣವೂ ಮೊದಲೇ ಬೇರೆಯಾಗಿ ಇಟ್ಟಿರಬೇಕು. ಪಟ್ಟಿಯ ಒಂದು ಪ್ರತಿ ಗೋವೆಯ ಸಂಸ್ಥೆಗೆ ಹೋದರೆ, ಅಲ್ಲಿಯವರು ತಮ್ಮ ಕಪಾಟಿನ ಹೆಂಚಿಗೆ ಒಂದು ಹಡಗಿನ ಹೆಸರನ್ನು ಹೊಂದಿಸಲು ಯತ್ನಿಸಬಹುದು.

ನನ್ನ ಹೆಂಚನ್ನು ಮೇಜಿನ ಮೇಲೆ ಕಾಗದಕ್ಕೆ ಭಾರವಾಗಿ ಇಟ್ಟಿದ್ದೇನೆ. ವಡಪಳನಿಯಿಂದ ಎಗ್ಮೋರಿಗೆ ಮೆಟ್ರೋ ರೈಲು ನೇರವಾಗಿ ಹೋಗುತ್ತದೆ. ನಡುವೆ ಇಳಿದು ಹತ್ತಬೇಕಾಗಿಲ್ಲ.